ಫೈಲಮ್ಮ ತಿದ್ದಿದ ಅಂಕಿ

ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಫೈಲಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡ ಡಾಕ್ಟ್ರಮ್ಮನಿಂದ ಹಿಡಿದು ನೆಲ ಒರೆಸುವವಳವರೆಗೆ ಯಾರ ಬಾಯಿಗೂ ಬೇರೆ ಹೆಸರು ಬರುತ್ತಿರಲಿಲ್ಲ. ಮಹಡಿ ಮೆಟ್ಟಿಲಿನ ಕೆಳಗೆ, ಇಳಿಜಾರು ಚಾವಣಿಯ ಕೋಣೆ ಆಕೆಯದು. ಮೊದಲ ಸಲ ಬಂದವರು ಅಲ್ಲಿ ತಲೆ ಬಡಿಸಿಕೊಳ್ಳುತ್ತಿದ್ದರು, ಎರಡನೇ ಸಲ ತಾವಾಗಿಯೇ ಬಗ್ಗುತ್ತಿದ್ದರು. ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಒತ್ತೊತ್ತಾಗಿ ಕಂದು ರಟ್ಟಿನ ಫೈಲುಗಳು, ಒಂದೊಂದು ಫೈಲಿನೊಳಗೂ ಒಬ್ಬೊಬ್ಬ ಹೆಂಗಸಿನ ಬಸಿರಿನ ಕಥೆ. ಇಪ್ಪತ್ತೇಳು ವರ್ಷದಿಂದ ಅಲ್ಲಿ ಕೂತಿದ್ದ ಆಕೆಗೆ ಫೈಲಿನ ನಂಬರು ಹೇಳಿದರೆ ಸಾಕು, ಕರೆಂಟು ಹೋಗಿದ್ದರೂ ಕೈಹಾಕಿ ತೆಗೆದುಕೊಡುತ್ತಿದ್ದಳು.

ಆ ಕಪಾಟುಗಳಲ್ಲಿ ಏನೇನಿದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮೂರು ಸಲ ಗರ್ಭ ನಿಲ್ಲದೆ ಹೋದದ್ದನ್ನು ತವರಿಗೂ ಹೇಳದವಳು, ಗಂಡನಿಂದ ಅಂಟಿದ ಕಾಯಿಲೆಗೆ ಗುಟ್ಟಾಗಿ ಮದ್ದು ತೆಗೆದುಕೊಂಡವಳು, ಹೆತ್ತ ಮಗುವನ್ನು ಯಾರಿಗೋ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋದವಳು. ಫೈಲಮ್ಮ ಇವರ ಒಂದು ಮಾತನ್ನೂ ಹೊರಗೆ ಆಡಿದವಳಲ್ಲ. ಆಕೆಯ ಗಂಡ ಗಡಿಯಾರ ರಿಪೇರಿಯವನು, ಸದಾ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದ, ತಮಾಷೆ ಸ್ವಭಾವದವನು. ಅಂಗಡಿಗೆ ಬಂದವರ ಹತ್ತಿರ, “ನಮ್ಮನೆಯವಳ ಹೊಟ್ಟೆಗೆ ಒಂದು ಮಾತು ಹೋದ್ರೆ ಮುಗೀತು ಕಣ್ರೀ. ಬೀಗ ಜಡಿದು ಬೀಗದಕೈನೂ ನುಂಗಿಬಿಡ್ತಾಳೆ,” ಎನ್ನುತ್ತಿದ್ದ.

ಇಂಥವಳ ಕೈಯಿಂದಲೇ ಆ ಅನಾಹುತ ಆಯಿತು.

ಅದಕ್ಕೂ ಹದಿನೆಂಟು ವರ್ಷದ ಹಿಂದೆ ರಕ್ತ ಸುರಿಯುತ್ತಿದ್ದ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಹೊತ್ತು ತಂದಿದ್ದರು. ಡಾಕ್ಟರು ನಲವತ್ತು ಹಾಳೆ ತಿರುವಿ ಹಾಕುತ್ತ, “ಇದು ಎಷ್ಟನೇದು? ಗುಂಪು ಯಾವುದು?” ಎಂದು ಕೂಗುತ್ತಿದ್ದರೆ ಯಾರಿಗೂ ಹೇಳಲು ಬರಲಿಲ್ಲ. ಆ ಹೆಂಗಸು ಹೇಗೋ ಉಳಿದಳು. ಮಾರನೇ ವಾರ ಫೈಲಮ್ಮ ಒಂದು ಸಲಹೆ ಕೊಟ್ಟಳು. ರಟ್ಟಿನ ಮೇಲೆಯೇ, ಬಲ ಮೂಲೆಯಲ್ಲಿ, ಎರಡು ಚೌಕ ಅಚ್ಚು ಹಾಕಿಸೋಣ: ಒಂದರಲ್ಲಿ ‘ಎಷ್ಟನೆಯ ಗರ್ಭ’, ಇನ್ನೊಂದರಲ್ಲಿ ‘ರಕ್ತದ ಗುಂಪು’. ಕೆಂಪು ಪೆನ್ಸಿಲಿನಲ್ಲಿ ದಪ್ಪಗೆ ಬರೆದರೆ ಮಾರು ದೂರದಿಂದಲೇ ಕಾಣುತ್ತದೆ. ದೊಡ್ಡ ಡಾಕ್ಟ್ರಮ್ಮ ಎಲ್ಲರೆದುರು ಬೆನ್ನು ತಟ್ಟಿದ್ದರು. ಮಾರು ದೂರದಿಂದ ಡಾಕ್ಟರಲ್ಲದೆ ಮತ್ಯಾರು ಓದಬಹುದು ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಫೈಲಮ್ಮನಿಗೂ ಹೊಳೆಯಲಿಲ್ಲ.

ಅನಾಹುತ ಆದ ವರ್ಷ, ಚಳಿ ಶುರುವಾಗುವ ಹೊತ್ತಿಗೆ ಒಬ್ಬ ಬಸುರಿ ಬಂದಳು. ಇಪ್ಪತ್ತಾರರ ಹುಡುಗಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಮೊದಲ ಭೇಟಿಯಲ್ಲಿ ದೊಡ್ಡ ಡಾಕ್ಟ್ರಮ್ಮ ಬಾಗಿಲು ಹಾಕಿ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ, ಹೇಳಲೋ ಬೇಡವೋ ಎಂದು ಬಹಳ ಹೊತ್ತು ಸೆರಗಿನ ನೂಲು ಕೀಳುತ್ತ ಕೂತಿದ್ದು ಕಡೆಗೆ ಹೇಳಿಬಿಟ್ಟಳು. ಡಾಕ್ಟ್ರಮ್ಮ ಅದನ್ನು ಮೊದಲ ಹಾಳೆಯಲ್ಲಿ ಬರೆದರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಗೆ ಮುಂಚೆ, ಬೇರೆ ಊರಿನಲ್ಲಿ ಒಂದು ಹೆರಿಗೆ. ಮಗು ಎರಡು ಗಂಟೆ ಬದುಕಿತ್ತು. ಆಗ ಕೊಡಬೇಕಿದ್ದ ಚುಚ್ಚುಮದ್ದು ಕೊಟ್ಟಿಲ್ಲ. ರಕ್ತದ ಗುಂಪು ನೆಗೆಟಿವ್. ಕೊನೆಗೆ ಎರಡು ಗೆರೆ ಎಳೆದು: ‘ಗಂಡನಿಗೆ, ಮನೆಯವರಿಗೆ ತಿಳಿದಿಲ್ಲ. ತಿಳಿಸಕೂಡದು.’

ಆ ಹಾಳೆ ಫೈಲಮ್ಮನ ಮೇಜಿಗೆ ಬಂತು. ಆಕೆ ಪೂರ್ತಿ ಓದಿದಳು, ಪಾಪ ಹುಡುಗಿ ಎಂದುಕೊಂಡಳು. ಓದುತ್ತಿದ್ದ ಹಾಗೆಯೇ, ಸಾವಿರಾರು ಫೈಲುಗಳ ಮೇಲೆ ಬರೆದಿದ್ದ ಕೈ ತನ್ನಷ್ಟಕ್ಕೆ ತಾನೇ ಕೆಂಪು ಪೆನ್ಸಿಲು ಎತ್ತಿ ಬಲ ಮೂಲೆಯ ಚೌಕದಲ್ಲಿ ದಪ್ಪಗೆ ‘೨’ ಎಂದು ಬರೆದು ಮುಗಿಸಿತು.

ಮೊದಲ ಭೇಟಿ ಏನೂ ಆಗದೆ ಕಳೆಯಿತು. ಎರಡನೇ ಸಲ, ಆರನೇ ತಿಂಗಳಿಗೆ ಬೀಳುವ ಹೊತ್ತಿಗೆ, ಅತ್ತೆ ಜೊತೆಗೆ ಬಂದಳು. ಸೊಸೆ ತೂಕದ ಯಂತ್ರ ಹತ್ತುವಾಗ ಫೈಲು ಅತ್ತೆಯ ಕೈಗೆ ಹೋಯಿತು. ಇದೇನಿದು ಎರಡು ಅಂದಳಂತೆ ಅತ್ತೆ. ಎರಡನೇ ಸಲ ಬರ್ತಿರೋದಕ್ಕೆ ಅಂದಳಂತೆ ಸೊಸೆ. ಅತ್ತೆ ಆಗ ಸುಮ್ಮನಾದಳು. ಮನೆಗೆ ಹೋಗಿ ಮಗನಿಗೆ ಹೇಳಿದಳು.

ಮೂರನೇ ದಿನ ಮಗ ಫೈಲಮ್ಮನ ಬಾಗಿಲಿಗೆ ಬಂದ. ಬಗ್ಗದೆ ಒಳಗೆ ಕಾಲಿಟ್ಟು ಹಣೆ ಬಡಿಸಿಕೊಂಡ. ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದುವ ಕೆಲಸ ಅವನದು, ಎದೆಯ ಜೇಬಿನಲ್ಲಿ ಟಾರ್ಚು ಇತ್ತು. ಒರಟನಂತೆ ಕಾಣಲಿಲ್ಲ. ನಿದ್ದೆ ಮಾಡಿರದ ಮುಖ.

“ಅಮ್ಮಾ, ಒಂದೇ ಒಂದು ವಿಷಯ ಕೇಳಬೇಕಿತ್ತು. ನನ್ನ ಹೆಂಡ್ತಿ ಫೈಲು. ಮೇಲ್ಗಡೆ ಎರಡು ಅಂತ ಇದೆ. ನಮಗೆ ಇದು ಮೊದಲನೇ ಮಗು.”

“ಫೈಲಿನ ವಿಷಯ ಡಾಕ್ಟ್ರನ್ನ ಕೇಳ್ಬೇಕಪ್ಪಾ. ನಾನು ಇಡೋಳು, ತೆಗೆಯೋಳು, ಅಷ್ಟೇ.”

“ಡಾಕ್ಟ್ರಮ್ಮ ಇವತ್ತಿಂದ ಎರಡು ವಾರ ರಜಾ ಅಂತೆ. ನಾನು ದಿನಕ್ಕೆ ಇನ್ನೂರು ಮೀಟರ್ ಓದ್ತೀನಮ್ಮಾ, ಚೌಕದಲ್ಲಿರೋ ಅಂಕಿ ನನಗೆ ತಪ್ಪಲ್ಲ. ‘ಎಷ್ಟನೆಯ ಗರ್ಭ’ ಅಂತಾನೇ ಅಚ್ಚಾಗಿದೆ. ಅವಳು ಎರಡನೇ ಭೇಟಿ ಅಂತಾಳೆ. ಹಾಗಾದ್ರೆ ಇದು ಏನು, ನೀವೇ ಹೇಳಿ.”

ಫೈಲಮ್ಮ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಆ ವಾರದ ಫೈಲುಗಳು ಇನ್ನೂ ಕಪಾಟು ಸೇರಿರಲಿಲ್ಲ, ತಳ್ಳುಗಾಡಿಯ ಮೇಲೆಯೇ ಇದ್ದವು. ಆ ಹುಡುಗಿಯ ಫೈಲು ಅವನ ಮೊಣಕೈಯಿಂದ ಒಂದು ಗೇಣು ದೂರ. ಹೌದೆನ್ನುವ ಹಾಗಿಲ್ಲ. ಹೇಳಲ್ಲ ಎಂದರೆ ಹೌದೆಂದ ಹಾಗೆಯೇ. ಇಪ್ಪತ್ತೇಳು ವರ್ಷ ಬಾಯಿ ಬಿಡದೆ ಕೂತವಳಿಗೆ ಆ ಗಳಿಗೆಯಲ್ಲಿ ಸುಮ್ಮನಿರುವುದು ಹೇಗೆಂದೇ ಮರೆತುಹೋಯಿತು.

“ಅಯ್ಯೋ ನನ್ನ ಕಣ್ಣೇ!” ಎಂದಳು, ತನಗೇ ಪರಕೀಯವಾದ ಧ್ವನಿಯಲ್ಲಿ. “ಪಕ್ಕದ ಫೈಲಿಂದು ಇದಕ್ಕೆ ಬರೆದುಬಿಟ್ಟಿದ್ದೀನಿ ನೋಡಪ್ಪಾ. ಕೈತಪ್ಪು.” ಪೆನ್ಸಿಲು ತೆಗೆದು, ಅವನ ಕಣ್ಣೆದುರೇ ಎರಡರ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ‘೧’ ಎಂದು ಬರೆದಳು.

ಅವನು ಆ ಒಂದನ್ನು ನೋಡುತ್ತ ನಿಂತ. ಆಮೇಲೆ ಮುಖ ಸಡಿಲವಾಗಿ, ಕಣ್ಣಲ್ಲಿ ನೀರು ತುಂಬಿ, “ಎಂಥ ಪಾಪ ಮಾಡ್ಕೊಂಡಿದ್ನಲ್ಲಮ್ಮಾ ನಾನು. ಮೂರು ದಿನದಿಂದ ಅವಳ ಜೊತೆ ಮಾತಾಡಿಲ್ಲ,” ಎಂದ. ಹೋಗುವಾಗ ಬಗ್ಗಿಯೇ ಹೋದ.

ಬಾಗಿಲು ಮುಚ್ಚಿದ ಮೇಲೆ ಫೈಲಮ್ಮ ಫೈಲನ್ನು ಮತ್ತೆ ಕೈಗೆತ್ತಿಕೊಂಡಳು. ಒಬ್ಬ ಹೆಂಗಸಿನ ಮಾನ ಉಳಿಸಿದೆ ಎಂಬ ಸಮಾಧಾನ ಎರಡು ನಿಮಿಷವೂ ನಿಲ್ಲಲಿಲ್ಲ. ಪಕ್ಕದ ಚೌಕದಲ್ಲಿ ‘ನೆಗೆಟಿವ್’ ಎಂದು ಇತ್ತು. ನೆಗೆಟಿವ್ ಗುಂಪಿನವಳ ಮೊದಲ ಬಸಿರಾದರೆ ಅಷ್ಟು ಭಯವಿಲ್ಲ, ಏಳನೇ ತಿಂಗಳಲ್ಲಿ ರಕ್ತ ನೋಡಿದರೆ ನಡೆಯುತ್ತದೆ. ಎರಡನೆಯದಾಗಿ, ಹಿಂದಿನ ಸಲ ಚುಚ್ಚುಮದ್ದೂ ಬಿದ್ದಿಲ್ಲವಾದರೆ, ತಾಯಿಯ ರಕ್ತವೇ ಮಗುವಿನ ರಕ್ತದ ಮೇಲೆ ತಿರುಗಿಬೀಳಬಹುದು. ತಿಂಗಳು ತಿಂಗಳೂ ಪರೀಕ್ಷೆ ಆಗಲೇಬೇಕು. ಡಾಕ್ಟ್ರಮ್ಮ ಹಾಗೆಂದು ಒಳಗೆ ಬರೆದಿದ್ದರು. ಆದರೆ ತೊಂಬತ್ತು ಹೆಂಗಸರ ಸಾಲು ನಿಂತಾಗ ಒಳಗಿನ ಹಾಳೆ ಯಾರು ತಿರುವುತ್ತಾರೆ? ರಟ್ಟು ನೋಡಿ ಕೆಲಸ ಸಾಗಿಸುವುದನ್ನು ಅವರಿಗೆಲ್ಲ ಕಲಿಸಿದವಳು ತಾನೇ.

ಮತ್ತೆ ಎರಡು ಎಂದು ಬರೆಯುವಂತಿರಲಿಲ್ಲ, ಮುಂದಿನ ಸಲವೂ ಫೈಲು ಅತ್ತೆಯ ಕೈಗೇ ಹೋಗುತ್ತದೆ. ‘ಮೊದಲ ಹಾಳೆ ತಪ್ಪದೆ ನೋಡಿ’ ಎಂದು ಒಂದು ಚೀಟಿ ಬರೆದು ಒಳಗೆ ಸಿಕ್ಕಿಸಿದಳು. ಡಾಕ್ಟ್ರಮ್ಮ ಬಂದ ದಿನವೇ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಳು. ಡಾಕ್ಟ್ರಮ್ಮ ಸ್ವತಃ ಆಪರೇಷನ್ನಿಗೆ ಒಳಗಾಗಿ ಬೇರೆ ಊರಿನಲ್ಲಿ ಮಲಗಿದ್ದರು.

ಒಂಬತ್ತನೇ ದಿನ ಹುಡುಗಿ ಪರೀಕ್ಷೆಗೆ ಬಂದು ಹೋದಳು. ಸಂಜೆ ಫೈಲು ವಾಪಸು ಬಂದಾಗ ಫೈಲಮ್ಮ ಮೊದಲು ಅದನ್ನೇ ತೆರೆದಳು. ಬದಲಿಗೆ ಬಂದಿದ್ದ ಕಿರಿಯ ಡಾಕ್ಟರ ಅಕ್ಷರ: ‘ಮೊದಲ ಗರ್ಭ. ಎಲ್ಲ ಸರಿ. ರಕ್ತ ಪರೀಕ್ಷೆ ಮುಂದಿನ ತಿಂಗಳು.’ ಆಕೆಯ ಚೀಟಿ ಗುಂಡುಸೂಜಿ ಸಮೇತ ಹಿಂದಿನ ಹಾಳೆಗೆ ಅಂಟಿಕೊಂಡು ಕೂತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಳೆಯ ರಕ್ತ ವರದಿಯಲ್ಲಿ, ಮಗುವಿನ ರಕ್ತದ ಮೇಲೆ ತಿರುಗಿಬೀಳುವ ಅಂಶದ ಎದುರು, ಡಾಕ್ಟ್ರಮ್ಮ ಬರೆದಿದ್ದ ಒಂದು ಸಾಲು ಮಾತ್ರ ಕಣ್ಣಿಗೆ ರಾಚಿತು: ‘ಸ್ವಲ್ಪ ಏರಿದೆ. ಬಿಡಕೂಡದು.’

ಮಾರನೇ ಬೆಳಿಗ್ಗೆ ಕಿರಿಯ ಡಾಕ್ಟರ ಮುಂದೆ ನಿಂತಳು. ಕೋಣೆಗೆ ಬಾಗಿಲಿರಲಿಲ್ಲ, ಪರದೆ ಮಾತ್ರ. ಪರದೆಯಾಚೆ ಬೆಂಚಿನ ತುಂಬ ಹೆಂಗಸರು. ಪರದೆಯೊಳಗೆ, ಆಸ್ಪತ್ರೆಯಲ್ಲಿ ಎಲ್ಲರೂ ‘ರೇಡಿಯೊ’ ಎನ್ನುತ್ತಿದ್ದ ನರ್ಸು.

“ಡಾಕ್ಟ್ರೇ, ಒಂದು ನಿಮಿಷ ಆಚೆ ಬರ್ತೀರಾ?”

“ಇಲ್ಲೇ ಹೇಳಿ ಫೈಲಮ್ಮಾ, ಸಾಲು ನೋಡಿದ್ರಲ್ಲ.”

ಆಕೆ ಮಾತಾಡದೆ ಹಾಳೆ ಬಿಡಿಸಿ ಅವರ ಮುಂದಿಟ್ಟು, ನರ್ಸಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದಳು. ಓದುತ್ತಿದ್ದಂತೆ ಆ ಎಳೆಯ ಡಾಕ್ಟರ ಮುಖದ ಬಣ್ಣ ಇಳಿಯಿತು. ತಗ್ಗಿದ ಧ್ವನಿಯಲ್ಲಿ, “ಇವರನ್ನ ಈಗಲೇ ಕರೆಸಿ. ಫೋನ್ ಮಾಡಿ,” ಎಂದರು.

“ಯಾರಿಗೆ? ಕೊಡಿ ಕೊಡಿ, ನಾನು ಮಾಡ್ತೀನಿ,” ಎಂದು ನರ್ಸು ಕೈ ಚಾಚಿದಳು.

“ಬೇಡಮ್ಮಾ, ನಾನೇ ಮಾಡ್ತೀನಿ,” ಎಂದು ಫೈಲಮ್ಮ ಫೈಲನ್ನು ಎದೆಗವಚಿಕೊಂಡು ಮೆಟ್ಟಿಲ ಕೆಳಗೆ ಬಂದು ನಂಬರು ಹುಡುಕಿದಳು. ಒಂದೇ ನಂಬರು ಇತ್ತು. ಗಂಡನದು.

ಎಲ್ಲ ಸರಿ ಅಂದು ಕಳಿಸಿದ ಮರುದಿನವೇ ರಕ್ತ ಪರೀಕ್ಷೆಗೆ ಕರೆದರೆ ಅವನು ಯಾಕೆ ಎನ್ನದೆ ಬಿಡುತ್ತಾನೆಯೇ? ನಂಬರು ಒತ್ತಿದಳು, ಅಳಿಸಿದಳು. ಮತ್ತೆ ಒತ್ತಿದಳು, ಮತ್ತೆ ಅಳಿಸಿದಳು. ಕೊನೆಗೆ ಅರ್ಧ ದಿನದ ರಜಾ ಬರೆದುಕೊಟ್ಟು, ಕೆಲಸದ ಕೋಟಿಗೆಂದು ಇಟ್ಟುಕೊಂಡಿದ್ದ ಬೂದು ಬಣ್ಣದ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ಹೊಲಿಗೆ ಅಂಗಡಿ ಹುಡುಕಿ ಹೊರಟಳು.

ಬೀದಿಯಿಂದ ಎರಡು ಮೆಟ್ಟಿಲು ಹತ್ತಿದರೆ ಅಂಗಡಿ. ಕಿಟಕಿಯ ಪಕ್ಕ ಯಂತ್ರ, ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಅಂಗಿಗಳು. ಅತ್ತೆ ಕುರ್ಚಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಹುಡುಗಿ ತಲೆಯೆತ್ತಿ ನೋಡಿದಳು. ಗುರುತು ಹತ್ತಿತು, ಪೆಡಲಿನ ಮೇಲಿದ್ದ ಕಾಲು ನಿಂತಿತು.

“ಒಂದು ಕೋಟು ಹೊಲಿಸಬೇಕಿತ್ತಮ್ಮಾ,” ಎಂದಳು ಫೈಲಮ್ಮ.

“ಎಲ್ಲೋ ನೋಡಿದ ಹಾಗಿದೆಯಲ್ಲಾ ನಿಮ್ಮನ್ನ,” ಎಂದಳು ಅತ್ತೆ, ಸೂಜಿ ಎತ್ತಿ ಹಿಡಿದು.

“ನನ್ನ ಮುಖ ಇರೋದೇ ಹಾಗೆ. ಎಲ್ರಿಗೂ ಅವರವರ ಚಿಕ್ಕಮ್ಮನ್ನ ನೋಡಿದ ಹಾಗಾಗುತ್ತೆ.”

ಅತ್ತೆ ನಕ್ಕಳು. ಹುಡುಗಿ ನಗಲಿಲ್ಲ. ಅಳತೆ ಟೇಪು ಹಿಡಿದು ಎದ್ದು ಬಂದು ಫೈಲಮ್ಮನ ಬೆನ್ನ ಹಿಂದೆ ನಿಂತಳು.

“ಭುಜ ಹದಿನಾಲ್ಕೂವರೆ,” ಎಂದಳು ಗಟ್ಟಿಯಾಗಿ. ಆಮೇಲೆ ಕಿವಿಯ ಹತ್ತಿರ, “ಯಾಕೆ ಬಂದ್ರಿ ಇಲ್ಲಿಗೆ?”

“ನಿನ್ನೆ ರಕ್ತ ತೆಗೆದುಕೊಳ್ಳಬೇಕಿತ್ತು, ತೆಗೆದುಕೊಂಡಿಲ್ಲ. ನಾಳೆ ಬಾ ತಾಯಿ. ಮಗು ವಿಷಯ.”

“ತೋಳು ಇಪ್ಪತ್ತೆರಡು. ಎರಡು ಅಂತ ಬರೆದ ಕೈ ಇದೇ ಅಲ್ವಾ? ಮೂರು ದಿನ ಈ ಮನೇಲಿ ನನಗೆ ಏನಾಯ್ತು ಗೊತ್ತಾ ನಿಮಗೆ?”

“ಗೊತ್ತು. ತಪ್ಪು ನಂದೇ. ಬಯ್ಯಿ, ಹೊಡಿ. ಆದ್ರೆ ನಾಳೆ ಬಾ.”

ಟೇಪು ಕುತ್ತಿಗೆಯ ಸುತ್ತ ಬಂತು. ಹುಡುಗಿಯ ಬೆರಳು ತಣ್ಣಗಿದ್ದವು. “ಒಬ್ಬಳನ್ನೇ ಎಲ್ಲಿಗೂ ಬಿಡಲ್ಲ. ಇವರನ್ನ ಕರ್ಕೊಂಡು ಬಂದ್ರೆ ಯಾಕೆ ಅಂತಾರೆ. ಈಗ ತಾನೇ ನನ್ನ ಮುಖ ನೋಡಿ ಮಾತಾಡ್ತಿದ್ದಾರೆ. ದಮ್ಮಯ್ಯ, ನಮ್ಮನ್ನ ಬಿಟ್ಟುಬಿಡಿ.”

“ಅದೇನು ಅಳತೇನೋ ಗುಸುಗುಸೂನೋ?” ಎಂದಳು ಅತ್ತೆ.

“ಕುತ್ತಿಗೆ ಹದಿನೈದು,” ಎಂದಳು ಹುಡುಗಿ. ಅಳತೆ ಪುಸ್ತಕದಲ್ಲಿ ಬರೆದುಕೊಂಡು, “ಕೋಟು ಬುಧವಾರ ಸಿಗುತ್ತೆ,” ಎಂದಳು.

ಮಾರನೇ ದಿನ ಹುಡುಗಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಫೈಲಮ್ಮ ಹತ್ತು ನಿಮಿಷಕ್ಕೊಮ್ಮೆ ಎದ್ದುಹೋಗಿ ಹೊರರೋಗಿಗಳ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಸುರಿ ಯಾರೇ ಒಳಗೆ ಬಂದರೂ ಕತ್ತು ಚಾಚಿ ನೋಡಿ, ಅವಳಲ್ಲ ಎಂದು ಕಂಡೊಡನೆ ವಾಪಸು ಹೋಗುತ್ತಿದ್ದಳು. ಕೈಗೆ ಸಿಕ್ಕ ಫೈಲು ತಪ್ಪು ಕಪಾಟು ಸೇರುತ್ತಿತ್ತು. ಮನೆಯಲ್ಲಿ ಗಂಡ ಕಣ್ಣಿನ ಗಾಜು ತೆಗೆದಿಟ್ಟು ಎದುರು ಬಂದು ಕೂತ.

“ಏನೇ ಇದು, ನಾಲ್ಕು ದಿನದಿಂದ ತಟ್ಟೆ ಮುಂದೆ ಕೂತು ಎದ್ದುಹೋಗ್ತಿದ್ದೀಯಾ. ಏನಾಯ್ತು ಹೇಳು.”

“ಆಸ್ಪತ್ರೆ ವಿಷಯ.”

“ಹೆಸರು ಹೇಳಬೇಡ. ಬರೀ ವಿಷಯ ಹೇಳು.”

ಹೇಳಿಬಿಡಬೇಕೆಂದು ಗಂಟಲವರೆಗೆ ಬಂತು. ಆದರೆ ಹುಡುಗಿಯ ಗಂಡ ಕೈಗಡಿಯಾರದ ಬೆಲ್ಟು ಹಾಕಿಸಲು ತಮ್ಮ ಅಂಗಡಿಗೇ ಬರುವವನು. ಮುಂದಿನ ಸಲ ಅವನು ಬಂದಾಗ ತನ್ನ ಗಂಡನ ನೋಟವೊಂದು ಬೇರೆಯಾದರೂ ಸಾಕು. “ಏನಿಲ್ಲ, ತಲೆನೋವು,” ಎಂದಳು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ತನ್ನ ಕೈಯಾರೆ ಒಂದು ಮಗು ಹೋಗುತ್ತಿದೆ. ಅದನ್ನು ಉಳಿಸಬೇಕಾದರೆ ತನ್ನ ಬಾಯಾರೆ ಅದರ ತಾಯಿಯನ್ನು ಬೀದಿಗೆ ತಳ್ಳಬೇಕು. ಎತ್ತ ತಿರುಗಿದರೂ ಗೋಡೆ.

ದೊಡ್ಡ ಡಾಕ್ಟ್ರಮ್ಮ ಒಂದು ದಿನ ಮುಂಚೆಯೇ ಬಂದರು, ಕೋಲು ಊರಿಕೊಂಡು. ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಫೈಲಮ್ಮ ಒಳಗೆ ಹೋಗಿ, ಚಿಲಕ ಹಾಕಿ, ಫೈಲನ್ನು ಮೇಜಿನ ಮೇಲಿಟ್ಟು, ಒಂದೂ ಬಿಡದೆ ಹೇಳಿದಳು.

ಡಾಕ್ಟ್ರಮ್ಮ, ಗೀಟು ಹೊಡೆದಿದ್ದ ಎರಡರ ಮೇಲೆ ಬೆರಳಿಟ್ಟರು. “ಒಂದು ದಾಖಲೆ ಮೇಲೆ ಸುಳ್ಳು ಬರೆದಿದ್ದೀಯಾ. ಅದೂ ನೀನು.”

“ಹೌದಮ್ಮಾ.”

“ಆ ಹುಡುಗಿ ಹತ್ತಿರ ನಾನು ಏನಂದಿದ್ದೆ ಗೊತ್ತಾ? ಈ ಬಾಗಿಲಾಚೆ ಹೋಗಲ್ಲ, ಧೈರ್ಯವಾಗಿ ಹೇಳು ಅಂದಿದ್ದೆ. ಹೇಳಿದ್ದನ್ನ ಕೆಂಪಕ್ಷರದಲ್ಲಿ ಬರೆದು ಅವಳ ಕೈಗೇ ಕೊಟ್ಟು ಕಾರಿಡಾರಲ್ಲಿ ಮೆರವಣಿಗೆ ಮಾಡಿಸಿದ್ದೀವಲ್ಲೇ. ನೀನೊಬ್ಬಳೇ ಅಲ್ಲ. ಆ ಚೌಕಕ್ಕೆ ನಾನೂ ಬೆನ್ನು ತಟ್ಟಿದವಳು.” ಹಣೆ ಒತ್ತಿಕೊಂಡು ಕೂತರು. ಆಮೇಲೆ ಕೇಳಿದರು: “ನೆಗೆಟಿವ್ ಗುಂಪಿನವರು ಈಗ ಎಷ್ಟು ಜನ ಇದ್ದಾರೆ?”

“ಹನ್ನೊಂದು.”

“ಹನ್ನೊಂದು ಜನಕ್ಕೂ ಒಂದೇ ಪತ್ರ ಬರಿ. ನೆಗೆಟಿವ್ ಗುಂಪಿನ ಬಸುರಿಯರೆಲ್ಲ ನಾಳೆ ಬೆಳಿಗ್ಗೆ ತಪ್ಪದೆ ರಕ್ತ ಪರೀಕ್ಷೆಗೆ ಬರಬೇಕು. ನಾನು ರುಜು ಹಾಕ್ತೀನಿ. ಅಂಟಿಸಿದ ಲಕೋಟೆಯಲ್ಲಿ ಇವತ್ತೇ ಕೈಯಾರೆ ತಲುಪಬೇಕು. ಹತ್ತು ಜನಕ್ಕೆ ಸುಮ್ಮನೆ ತೊಂದರೆ. ಬೇರೆ ದಾರಿ ಇಲ್ಲ.”

ಹನ್ನೊಂದು ಜನರೂ ಬಂದರು. ಒಬ್ಬಳು ಎರಡು ಬಸ್ಸು ಬದಲಿಸಿ ಬಂದಿದ್ದಳು, ಇನ್ನೊಬ್ಬಳು ಕೆಲಸಕ್ಕೆ ಚಕ್ಕರ್ ಹಾಕಿ ಬಂದು ಗೊಣಗುತ್ತ ಕೂತಿದ್ದಳು. ಹೊಲಿಗೆಯ ಹುಡುಗಿ ಗಂಡ ಮತ್ತು ಅತ್ತೆಯ ನಡುವೆ ಕೂತಿದ್ದಳು. ಕಂಬದ ಮರೆಯಲ್ಲಿ ನಿಂತಿದ್ದ ಫೈಲಮ್ಮ, ಆ ತೋಳಿಗೆ ಸೂಜಿ ಚುಚ್ಚಿ ಕೊಳವೆಯಲ್ಲಿ ರಕ್ತ ಏರುವುದನ್ನು ಕಂಡ ಮೇಲೆಯೇ ಉಸಿರು ಬಿಟ್ಟದ್ದು.

ಮಧ್ಯಾಹ್ನ ಮೂರಕ್ಕೆ ಫಲಿತಾಂಶ ಬಂತು. ಹತ್ತು ಜನ ಮನೆಗೆ ಹೋದರು. ಹನ್ನೊಂದನೆಯವಳನ್ನು ನಾಲ್ಕಕ್ಕೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊಟ್ಟೆಯಲ್ಲಿದ್ದ ಮಗುವಿನ ರಕ್ತ ಆಗಲೇ ಕರಗಲು ಶುರುವಾಗಿತ್ತು.

ಗಂಡ ಆಂಬುಲೆನ್ಸ್ ಹತ್ತಲಿಲ್ಲ. ಅಮ್ಮನನ್ನು ಹತ್ತಿಸಿ, ನೇರ ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗಿದ.

“ಆ ಫೈಲು ಕೊಡಿ.”

ಫೈಲಮ್ಮ ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

“ಎಲ್ರನ್ನೂ ಕರೆದ್ರಿ. ಎಲ್ರೂ ಮನೆಗೆ ಹೋದ್ರು. ನನ್ನ ಹೆಂಡ್ತಿ ಒಬ್ಬಳಿಗೇ ಯಾಕೆ ಹೀಗಾಯ್ತು? ಮೊದಲನೇ ಬಸಿರಲ್ಲಿ ಹೀಗೆ ಆಗೋದು ಅಪರೂಪ ಅಂತ ಅಲ್ಲಿ ಬೆಂಚಿನ ಮೇಲಿದ್ದ ಹೆಂಗಸೇ ಅಂದ್ಲು. ಹೇಳಿ, ಅದು ಒಂದೋ ಎರಡೋ?”

“ನಾನು ಯಾರ ಫೈಲಿನ ವಿಷಯಾನೂ ಮಾತಾಡಲ್ಲಪ್ಪಾ. ನನ್ನ ಮಗಳದೇ ಆಗಿದ್ರೂ ಮಾತಾಡಲ್ಲ.”

“ಅವತ್ತು ಮಾತಾಡಿದ್ರಲ್ಲ! ಕೈತಪ್ಪು ಅಂದ್ರಲ್ಲ! ನನ್ನ ಕಣ್ಣೆದುರಿಗೇ ಒಂದು ಅಂತ ಬರೆದ್ರಲ್ಲ! ಇವತ್ತು ಬಾಯಿಗೆ ಏನಾಯ್ತು?”

ಅವತ್ತೂ ಹೀಗೇ ಬಾಯಿ ಮುಚ್ಚಿ ನಿಂತಿದ್ದರೆ, ಈಕೆ ಯಾರಿಗೂ ಏನೂ ಹೇಳುವವಳಲ್ಲ ಎಂದಾದರೂ ಆಗುತ್ತಿತ್ತು. ಒಮ್ಮೆ ಸುಳ್ಳಾಡಿದ ತನ್ನ ಬಾಯಿ ಈಗ ಮುಚ್ಚಿಕೊಂಡರೂ ಆ ಹುಡುಗಿಯ ಗುಟ್ಟನ್ನೇ ಹೇಳುತ್ತಿದೆ.

“ಅವತ್ತು ಬಾಯಿ ಬಿಟ್ಟಿದ್ದೇ ನನ್ನ ತಪ್ಪು,” ಎಂದಳು. “ಆಂಬುಲೆನ್ಸು ಹೋಯ್ತಪ್ಪಾ. ನೀನು ಅಲ್ಲಿರಬೇಕಾದವನು.”

ಅವನು ಅಲ್ಲೇ ಫೈಲಿನ ಗಾಡಿ ಹಿಡಿದು ಕುಸಿದು ಕೂತ. ಮುಖ ಮುಚ್ಚಿಕೊಂಡು ಅತ್ತ. “ನಾನು ಅವಳನ್ನ ಬಿಡಲ್ಲಮ್ಮಾ. ಏನೇ ಇದ್ರೂ ಬಿಡಲ್ಲ. ನಿಜ ಗೊತ್ತಾದ್ರೆ ಸಾಕು ನನಗೆ. ಒಂದು ಮಾತು.”

ಆ ಧ್ವನಿ ಸುಳ್ಳಿನದಾಗಿರಲಿಲ್ಲ. ಹೇಳಿಬಿಟ್ಟರೆ ಇವನಿಗೂ ನೆಮ್ಮದಿ, ಅವಳಿಗೂ ಭಾರ ಇಳಿಯಬಹುದೇನೋ ಎಂದು ಫೈಲಮ್ಮನ ಕರುಳು ಹೇಳಿತು. ಅವತ್ತೂ ಇದೇ ಕರುಳು ಪೆನ್ಸಿಲು ಎತ್ತಿಸಿದ್ದು. ಆ ಮಾತು ಹೇಳಬೇಕಾದ ನಾಲಿಗೆ ಒಂದೇ ಇತ್ತು, ಅದು ಆಂಬುಲೆನ್ಸಿನಲ್ಲಿ ಮಲಗಿ ಹೋಗುತ್ತಿತ್ತು. ಆಕೆ ಹಲ್ಲು ಕಚ್ಚಿ ನಿಂತಳು. ಅವನು ಕಣ್ಣೊರೆಸಿಕೊಂಡು ಎದ್ದ. “ನೀವೂ ಹೆಣ್ಣು ತಾನೇ. ಎಲ್ಲ ಸೇರ್ಕೊಂಡು ಆಟ ಆಡ್ತಿದ್ದೀರಿ,” ಎಂದು ಉಗಿದಂತೆ ಹೇಳಿ ಹೋದ.

ಒಂದು ವಾರದಲ್ಲಿ ಅವನ ದೂರು ಬಂತು: ಗುಮಾಸ್ತೆ ತನ್ನ ಕಣ್ಣೆದುರೇ ದಾಖಲೆ ತಿದ್ದಿದ್ದಾಳೆ, ಯಾಕೆಂದು ತಿಳಿಯಬೇಕು. ವಿಚಾರಣೆ ನಡೆಯಿತು. ಆಡಳಿತದ ಮೇಲಧಿಕಾರಿ, ಮೇಟ್ರನ್, ಬರೆದುಕೊಳ್ಳಲು ಒಬ್ಬ ಗುಮಾಸ್ತ. ದೂರು ಕೊಟ್ಟವನಿಗೂ ಒಂದು ಕುರ್ಚಿ.

“ಯಾಕೆ ತಿದ್ದಿದ್ರಿ?” ಎಂದರು ಅಧಿಕಾರಿ.

ನಿಜವಾದ ಕಾರಣ ಹೇಳಿದ್ದರೆ ಅಲ್ಲಿದ್ದ ಮೂವರೂ ತಲೆದೂಗುತ್ತಿದ್ದರು. ಕುರ್ಚಿಯಲ್ಲಿದ್ದ ನಾಲ್ಕನೆಯವನು ಆಕೆಯ ತುಟಿಯನ್ನೇ ನೋಡುತ್ತಿದ್ದ.

“ಅಜಾಗರೂಕತೆ ಸಾರ್. ನೋಡದೆ ಬರೆದೆ.”

“ಮೊದಲು ಬರೆದದ್ದು ನೋಡದೆಯೋ, ತಿದ್ದಿದ್ದು ನೋಡದೆಯೋ?”

“ಎರಡೂ ಸಾರ್.”

“ಇಪ್ಪತ್ತೇಳು ವರ್ಷದ ಸರ್ವಿಸು ನಿಮ್ಮದು. ಬೇರೆ ಏನಾದ್ರೂ ಕಾರಣ ಇದ್ರೆ ಹೇಳಿ, ಬರ್ಕೊಳ್ತೀವಿ.”

“ಏನೂ ಇಲ್ಲ ಸಾರ್. ಬರ್ಕೊಳ್ಳಿ, ಅಜಾಗರೂಕತೆ ಅಂತ.”

ಬರೆದುಕೊಂಡರು. ದೊಡ್ಡ ಡಾಕ್ಟ್ರಮ್ಮ ಮೇಲಿನವರಿಗೆ ಏನು ಹೇಳಿದರೋ, ಕೆಲಸ ಹೋಗಲಿಲ್ಲ. ಸರ್ವಿಸ್ ಪುಸ್ತಕದಲ್ಲಿ ಕಪ್ಪು ಸಾಲು ಬಿತ್ತು. ದಾಖಲೆ ಕೋಣೆಯಿಂದ ತೆಗೆದು ಆಕೆಯನ್ನು ಬಟ್ಟೆ ಉಗ್ರಾಣಕ್ಕೆ ಹಾಕಿದರು. ಹೋಗುವ ಮೊದಲು ಒಂದು ವಾರ ಅವಕಾಶ ಕೇಳಿ, ಬಸುರಿಯರ ಮುನ್ನೂರ ನಲವತ್ತು ಫೈಲುಗಳ ರಟ್ಟು ಬಿಚ್ಚಿ ಹೊಸ ರಟ್ಟು ಹಾಕಿದಳು. ಮೇಲೆ ನಂಬರು ಬಿಟ್ಟು ಬೇರೇನಿಲ್ಲ. ಡಾಕ್ಟರು ನೋಡಬೇಕಾದ ಚೌಕಗಳು ಒಳಗಿನ ಮೊದಲ ಪುಟಕ್ಕೆ ಹೋದವು. ಫೈಲು ಇನ್ನು ರೋಗಿಯ ಕೈಗೂ ಇಲ್ಲ, ಜೊತೆಗೆ ಬಂದವರ ಕೈಗೂ ಇಲ್ಲ, ನರ್ಸಿನ ಕೈಯಿಂದ ನೇರ ಡಾಕ್ಟರ ಮೇಜಿಗೆ ಎಂದು ಡಾಕ್ಟ್ರಮ್ಮ ಆದೇಶ ಹೊರಡಿಸಿದರು. ಫೋನ್ ನಂಬರಿನ ಜಾಗದಲ್ಲಿ ‘ಯಾರಿಗೆ ಮಾಡಬಹುದು, ಯಾರಿಗೆ ಕೂಡದು’ ಎಂದು ಕೇಳಿ ಬರೆಯುವ ಸಾಲೊಂದು ಸೇರಿತು. ಬೆರಳ ತುದಿ ಸಿಪ್ಪೆ ಸುಲಿಯುವವರೆಗೆ ಹೊಸ ರಟ್ಟು ಕಟ್ಟಿದ ಫೈಲಮ್ಮನಿಗೆ ಅದರಿಂದ ಸಮಾಧಾನವೇನೂ ಸಿಗಲಿಲ್ಲ. ಮುಂದೆ ಬರುವವರಿಗೆ ಆಯಿತು. ಆ ಒಬ್ಬಳಿಗೆ ಆಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಆ ಹುಡುಗಿಗೆ ಎಂಟನೇ ತಿಂಗಳಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರೆಂದೂ, ಹೆಣ್ಣು ಮಗುವೆಂದೂ, ಎರಡು ಸಲ ರಕ್ತ ಪೂರ್ತಿ ಬದಲಿಸಿದರೆಂದೂ ಡಾಕ್ಟ್ರಮ್ಮ ಹೇಳಿದರು. ಉಳಿಯುತ್ತಾ ಎಂದು ಕೇಳಿದ್ದಕ್ಕೆ, “ಇವತ್ತು ಉಸಿರಾಡ್ತಾ ಇದೆ,” ಎಂದಷ್ಟೇ ಹೇಳಿದರು. ಆಮೇಲೆ ಫೈಲಮ್ಮ ಕೇಳುವುದನ್ನು ನಿಲ್ಲಿಸಿದಳು. ಕೇಳುವ ಹಕ್ಕು ತನಗಿಲ್ಲ ಅನಿಸಿತು. ಹೊಲಿಗೆ ಅಂಗಡಿಯ ಬೀದಿಯಲ್ಲಿ ಮತ್ತೆ ಕಾಲಿಡಲಿಲ್ಲ. ಅಂಗಡಿ ಮುಚ್ಚಿದೆ ಎಂದು ಯಾರೋ ಅಂದರು. ಇನ್ಯಾರೋ ಅವಳು ಅಕ್ಕನ ಮನೆಯಲ್ಲಿದ್ದಾಳೆ ಎಂದರು. ಯಾವುದು ನಿಜವೋ ಆಕೆ ವಿಚಾರಿಸಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಒಗೆದ ಚಾದರಗಳ ಗಾಡಿ ತಳ್ಳುತ್ತ ಲಸಿಕೆ ಕೋಣೆಯ ಮುಂದೆ ಹಾದುಹೋಗುವಾಗ ಸಾಲಿನಲ್ಲಿ ಆ ಹುಡುಗಿ ಕಂಡಳು. ಮೂಳೆ ಕಾಣುವಷ್ಟು ಇಳಿದುಹೋಗಿದ್ದಳು. ಹೆಗಲ ಮೇಲೆ ಒಂದು ಸಣ್ಣ ತಲೆ, ಬೋಳು, ಅತ್ತಿತ್ತ ಹೊರಳುತ್ತಿತ್ತು. ಗಂಡ ಬಾಗಿಲ ಹತ್ತಿರ ನಿಂತಿದ್ದ, ಹೆಂಡತಿಯಿಂದ ಎರಡು ಮಾರು ದೂರ, ಮಗುವಿನ ಚೀಲ ಹಿಡಿದು. ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳು ಹೇಳಿದ್ದಳೋ, ಅವನೇ ಲೆಕ್ಕ ಹಾಕಿದ್ದನೋ, ಇನ್ನೂ ಕೇಳುತ್ತಲೇ ಇದ್ದನೋ, ಆ ದೂರವನ್ನು ನೋಡಿ ಹೇಳುವಂತಿರಲಿಲ್ಲ.

ಫೈಲಮ್ಮನ ಕಾಲು ತಾನಾಗಿ ನಿಂತಿತು. ಹುಡುಗಿ ತಲೆಯೆತ್ತಿದಳು, ಆಕೆಯನ್ನು ಮೇಲಿಂದ ಕೆಳಗೆ ನೋಡಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಫೈಲಮ್ಮ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು, ಯಾರನ್ನೂ ಕಾಣದವಳಂತೆ ಎದುರಿನ ಕಾರಿಡಾರನ್ನೇ ನೋಡುತ್ತ ಮುಂದೆ ನಡೆದಳು. ಹಿಂದಿನಿಂದ ಸೂಜಿ ಚುಚ್ಚಿಸಿಕೊಂಡ ಮಗುವೊಂದು ಕಿರುಚಿ ಅಳತೊಡಗಿತು. ಅದು ಅವಳದೋ ಬೇರೆಯವರದೋ ಎಂದು ಆಕೆ ತಿರುಗಿ ನೋಡಲಿಲ್ಲ.